ಮನೆಯಲ್ಲಿ ವಿಜ್ಞಾನ ಪಾಠ: ಯಾವ ವಯಸ್ಸಿಗೆ ಯಾವ ಪಠ್ಯಕ್ರಮ?

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ವಿದ್ಯೆ ಕಲಿಸುವ ತಾಯಿತಂದೆಗಳು ಇಂದು ಅನೇಕ ದೇಶಗಳಲ್ಲಿದ್ದಾರೆ. ನಮ್ಮ ನಾಡಿನಲ್ಲಿಯೂ ಅಂಥ ಕುಟುಂಬಗಳುಂಟು. ಕಥೆ, ಕಾವ್ಯ, ಚರಿತ್ರೆಗಳನ್ನು ಹೇಳಿಕೊಡುವುದು ಅವರಿಗೆ ಅಷ್ಟು ಕಷ್ಟವೆನಿಸುವುದಿಲ್ಲ. ಒಂದೇ ಕಥೆಯನ್ನು ಆರು ವರ್ಷದ ತಂಗಿಯೂ ಹದಿನೈದು ವರ್ಷದ ಅಣ್ಣನೂ ಒಟ್ಟಿಗೆ ಕುಳಿತು ಕೇಳಬಹುದು. ವಿಜ್ಞಾನದ ಸರದಿ ಬಂದಾಗ ತೊಡಕು ಆರಂಭವಾಗುತ್ತದೆ. ಹಿರಿಯನಿಗೆ ತಕ್ಕ ಪಾಠ ಕಿರಿಯಳಿಗೆ ತಿಳಿಯದು. ಕಿರಿಯಳಿಗೆ ತಕ್ಕುದು ಹಿರಿಯನಿಗೆ ಸಪ್ಪೆ. ಮೂವರು ಮಕ್ಕಳಿಗೆ ಮೂರು ಪುಸ್ತಕ, ಮೂರು ವೇಳಾಪಟ್ಟಿ, ಮೂರು ಬಗೆಯ ಉಪಕರಣ ಎಂದು ಹೊರಟರೆ ಕಲಿಸುವವರು ಬಹುಬೇಗ ದಣಿಯುತ್ತಾರೆ. ಆಗ ಮೊದಲು ಬಿಟ್ಟುಹೋಗುವುದು ಪ್ರಯೋಗ. ಪುಸ್ತಕವನ್ನು ಓದಿಸಿ ಪ್ರಶ್ನೋತ್ತರ ಬರೆಯಿಸುವುದಷ್ಟೇ ಉಳಿದು, ವಿಜ್ಞಾನದ ಹೆಸರಿನಲ್ಲಿ ಕಂಠಪಾಠ ನಡೆಯತೊಡಗುತ್ತದೆ.

ಈ ಸಮಸ್ಯೆ ತಾಯಿತಂದೆಗಳಿಗೆ ಮಾತ್ರ ಸೇರಿದ್ದಲ್ಲ. ವಾಚಕರಲ್ಲಿ ಅನೇಕರು ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು. ಮನೆಯಲ್ಲಿ ತಮ್ಮತಂಗಿಯರಿಗೆ ಪಾಠ ಹೇಳುವ ಹೊಣೆ ಹಲವು ವೇಳೆ ಇವರ ಮೇಲೆಯೇ ಬೀಳುತ್ತದೆ. ಆದುದರಿಂದ ಬೇರೆ ಬೇರೆ ವಯಸ್ಸಿನ ಮಕ್ಕಳಿಗೆ ವಿಜ್ಞಾನದ ಪಠ್ಯಕ್ರಮವನ್ನು ಆರಿಸುವುದು ಹೇಗೆ, ಆರಿಸುವಾಗ ನೋಡಬೇಕಾದ ಗುಣವೇನು ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಪ್ಯಾರಿಸಿನ ಒಂದು ಪ್ರಯೋಗ

ಮನೆಯ ಪಾಠಕ್ಕೆ ವಿಜ್ಞಾನದ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ನಿದರ್ಶನವುಂಟು. ೧೯೦೬ರಲ್ಲಿ ಪತಿ ಪಿಯರ್ ಕ್ಯೂರಿಯವರನ್ನು ಕಳೆದುಕೊಂಡ ಮೇರಿ ಕ್ಯೂರಿಯವರು ತಮ್ಮ ಮಗಳು ಐರೀನಳ ವಿದ್ಯಾಭ್ಯಾಸದ ವಿಷಯದಲ್ಲಿ ಚಿಂತಿಸುತ್ತಿದ್ದರು. ಗಾಳಿ ಬೆಳಕು ಸಾಲದ ಕೊಠಡಿಗಳಲ್ಲಿ ಮಕ್ಕಳನ್ನು ದಿನವಿಡೀ ಕೂರಿಸುವ ಅಂದಿನ ಶಾಲೆಗಳು ಅವರಿಗೆ ರುಚಿಸಲಿಲ್ಲ. ಅವರ ಸ್ನೇಹಿತರಲ್ಲಿ ಹಲವರು ಪ್ರಾಧ್ಯಾಪಕರು. ಎಲ್ಲರೂ ಕೂಡಿ, ತಮ್ಮ ಮಕ್ಕಳಿಗೆ ತಾವೇ ಪಾಠ ಹೇಳುವ ಏರ್ಪಾಡನ್ನು ಮಾಡಿಕೊಂಡರು. ಮೇರಿ ಕ್ಯೂರಿ ಭೌತವಿಜ್ಞಾನವನ್ನೂ, ಜೀನ್ ಪೆರಿನ್ ರಸಾಯನವಿಜ್ಞಾನವನ್ನೂ, ಪಾಲ್ ಲಾಂಜೆವನ್ ಗಣಿತವನ್ನೂ ವಹಿಸಿಕೊಂಡರು. ಸಾಹಿತ್ಯ, ಚರಿತ್ರೆ, ಭಾಷೆಗಳು ಮನೆಯ ಇತರ ಹಿರಿಯರ ಪಾಲಿಗೆ ಬಂದವು.

ಈ ಗುಂಪಿನಲ್ಲಿದ್ದವರು ಹತ್ತಾರು ಮಕ್ಕಳು. ಎಲ್ಲರೂ ಒಂದೇ ವಯಸ್ಸಿನವರಲ್ಲ. ೧೯೦೭ರ ಆರಂಭದಲ್ಲಿ ಐರೀನಳಿಗೆ ಒಂಬತ್ತು ವರ್ಷ. ಪಾಠಗಳನ್ನು ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ಇಸಬೆಲ್ ಶಾವಾನ್ ಎಂಬ ಬಾಲಿಕೆಗೆ ಸುಮಾರು ಹದಿಮೂರು. ಆ ಟಿಪ್ಪಣಿಗಳು ಬಹುಕಾಲದ ಅನಂತರ, ೨೦೦೩ರಲ್ಲಿ, ಪುಸ್ತಕರೂಪದಲ್ಲಿ ಪ್ರಕಟವಾದುವು. ಅವುಗಳಿಂದ ತಿಳಿದುಬರುವ ಸಂಗತಿ ಗಮನಾರ್ಹವಾದುದು. ಎರಡು ನೊಬೆಲ್ ಪಾರಿತೋಷಕಗಳನ್ನು ಪಡೆದ ಆ ಮಹಿಳೆ ಮಕ್ಕಳಿಗೆ ರೇಡಿಯಮ್ಮಿನಿಂದ ಪಾಠವನ್ನು ಆರಂಭಿಸಲಿಲ್ಲ. ಬರಿದೆಂದು ತೋರುವ ಸೀಸೆಯಲ್ಲಿ ಗಾಳಿಯಿದೆಯೆಂದು ತಿಳಿಯುವುದು ಹೇಗೆ? ಗಾಳಿಗೆ ತೂಕವುಂಟೆ? ನಲ್ಲಿಗೆ ನೀರು ಏರಿ ಬರುವುದು ಹೇಗೆ? ಇಂಥವೇ ಅವರ ಪಾಠದ ವಿಷಯಗಳು. ಚಿಕ್ಕವರಿಗೂ ದೊಡ್ಡವರಿಗೂ ಪ್ರಶ್ನೆ ಒಂದೇ. ಎಲ್ಲರ ಕಣ್ಣೆದುರಿಗೆ ನಡೆಯುತ್ತಿದ್ದ ಪ್ರಯೋಗವೂ ಒಂದೇ.

ಬೈಸಿಕಲ್ಲಿನ ಬೇರಿಂಗಿನ ಗುಂಡನ್ನು ಮಸಿಯಲ್ಲಿ ಅದ್ದಿ, ಓರೆಯಾಗಿಟ್ಟ ಹಲಗೆಯ ಮೇಲೆ ಬಿಡುವರು. ಅದು ಉರುಳುತ್ತಾ ತನ್ನ ಬಾಗಿದ ದಾರಿಯನ್ನು ತಾನೇ ಬರೆಯುವುದು. ಚಿಕ್ಕ ಮಗುವಿಗೆ ಅದು ಬೆರಗು. ಅಳೆಯಬಲ್ಲ ಬಾಲಕನಿಗೆ ಅದೇ ಬೀಳುವ ವಸ್ತುವಿನ ನಿಯಮದ ಸಾಕ್ಷ್ಯ. ಇನ್ನೊಮ್ಮೆ ಮೇರಿ ಕ್ಯೂರಿಯವರು, ಪಾತ್ರೆಯಲ್ಲಿರುವ ಬಿಸಿ ದ್ರವ ಆರದಂತೆ ಇಡುವ ಉಪಾಯವೇನೆಂದು ಕೇಳಿದರಂತೆ. ಉಣ್ಣೆ ಸುತ್ತುವುದೇ ಮೊದಲಾದ ಜಾಣ ಉಪಾಯಗಳನ್ನು ಮಕ್ಕಳು ಒಂದರ ಮೇಲೊಂದು ಸೂಚಿಸಿದರು. ತಾವಾದರೆ ಮೊದಲು ಪಾತ್ರೆಗೆ ಮುಚ್ಚಳ ಹಾಕುವುದಾಗಿ ಅವರು ನಗುತ್ತಾ ಹೇಳಿದರೆಂದು ಅವರ ಕಿರಿಯ ಮಗಳು ಈವ್ ಬರೆದಿದ್ದಾಳೆ.

ಇದನ್ನು ಓದಿ, ಕ್ಯೂರಿಯಂಥ ಗುರು ಸಿಕ್ಕರೆ ಯಾವ ಪಠ್ಯಕ್ರಮವಾದರೂ ಸರಿಯೇ ಎಂದು ವಾಚಕರು ಹೇಳಬಹುದು. ಮಾತು ನಿಜ. ಆದರೆ ಆ ಪಾಠಗಳ ರಚನೆಯಲ್ಲಿಯೇ ಒಂದು ಸೂತ್ರವಿದೆ. ಆ ಸೂತ್ರ ನಮ್ಮ ನಿಮ್ಮಂಥವರಿಗೂ ದಕ್ಕುವಂಥದು: ವಿಷಯ ಎಲ್ಲರಿಗೂ ಒಂದೇ ಇರಲಿ, ವಯಸ್ಸಿಗೆ ತಕ್ಕಂತೆ ಬದಲಾಗಬೇಕಾದುದು ಮಗುವಿನಿಂದ ನಾವು ಕೇಳುವ ಸಾಕ್ಷ್ಯ.

ದಾರ, ಕಲ್ಲು, ಮೊಳೆ

ಈ ಸೂತ್ರವನ್ನು ಒಂದು ಉದಾಹರಣೆಯಿಂದ ಪರೀಕ್ಷಿಸೋಣ. ಒಂದು ದಾರ, ಒಂದು ಕಲ್ಲು, ಗೋಡೆಯಲ್ಲಿ ಒಂದು ಮೊಳೆ: ಇಷ್ಟಿದ್ದರೆ ಲೋಲಕ ಸಿದ್ಧ. ಮನೆಯಲ್ಲಿ ಆರು, ಹತ್ತು, ಹದಿನೈದು ವರ್ಷಗಳ ಮೂವರು ಮಕ್ಕಳಿದ್ದಾರೆಂದು ಇಟ್ಟುಕೊಳ್ಳಿ. ಮೂವರಿಗೂ ಒಂದೇ ಪ್ರಶ್ನೆ: ಲೋಲಕ ಒಮ್ಮೆ ನಿಧಾನವಾಗಿಯೂ ಒಮ್ಮೆ ಬೇಗ ಬೇಗನೆಯೂ ತೂಗುವುದು ಯಾವುದರಿಂದ?

ಆರು ವರ್ಷದ ಮಗು ಒಂದು ಉದ್ದ, ಒಂದು ಗಿಡ್ಡ ಲೋಲಕಗಳನ್ನು ಪಕ್ಕಪಕ್ಕದಲ್ಲಿ ತೂಗಿಬಿಡಲಿ. ಎರಡರ ಲಯಕ್ಕೂ ಕೈತಟ್ಟಲಿ. ಯಾವುದು ಮೊದಲು ಹಿಂತಿರುಗುತ್ತದೆಂದು ಮುಂಚಿತವಾಗಿ ಹೇಳಿ, ಅನಂತರ ನೋಡಲಿ. ತೊಟ್ಟಿಲಿಗೂ ಮರದ ಕೊಂಬೆಗೆ ಕಟ್ಟಿದ ಉಯ್ಯಾಲೆಗೂ ಇರುವ ವ್ಯತ್ಯಾಸವನ್ನು ನೆನೆದುಕೊಳ್ಳಲಿ. ಈ ವಯಸ್ಸಿನಲ್ಲಿ ಸಂಖ್ಯೆ ಬೇಕಿಲ್ಲ. ಊಹಿಸಿ ನೋಡುವ ಅಭ್ಯಾಸವಾದರೆ ಸಾಕು.

ಹತ್ತು ವರ್ಷದ ಬಾಲಕನಿಗೆ ಎಣಿಸುವುದು ಗೊತ್ತು. ಹತ್ತು ತೂಗಾಟಗಳಿಗೆ ಎಷ್ಟು ಸೆಕೆಂಡುಗಳಾದುವೆಂದು ಗಡಿಯಾರ ಹಿಡಿದು ನೋಡಲಿ. ಹೋಗಿ ಬಂದರೆ ಒಂದು ತೂಗಾಟವೆಂಬುದನ್ನು ಮರೆಯಬಾರದು. ಒಂದು ಮೀಟರ್ ಉದ್ದದ ಲೋಲಕಕ್ಕೆ ಸುಮಾರು ೨೦ ಸೆಕೆಂಡು ಬರುವುದು. ಕಾಲು ಮೀಟರಿನದಕ್ಕೆ ಸುಮಾರು ೧೦. ಬಳಿಕ ಕಲ್ಲಿನ ತೂಕವನ್ನು ಬದಲಿಸಲಿ, ಎಳೆದು ಬಿಡುವ ದೂರವನ್ನು ಸ್ವಲ್ಪ ಬದಲಿಸಲಿ. ಇಲ್ಲಿ ಅವನು ಕಲಿಯಬೇಕಾದ ಮುಖ್ಯ ಪಾಠ, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಇದರಲ್ಲಿ ಒಂದು ಬಲೆಯೂ ಉಂಟು. ತೂಕ ಹೆಚ್ಚಿಸಲೆಂದು ಕಲ್ಲಿನ ಕೆಳಗೆ ಇನ್ನೊಂದು ಕಲ್ಲನ್ನು ಕಟ್ಟಿದರೆ, ಲೋಲಕದ ಉದ್ದವೂ ಅರಿವಿಲ್ಲದೆ ಹೆಚ್ಚುತ್ತದೆ. ಏಕೆಂದರೆ ಉದ್ದವನ್ನು ಅಳೆಯುವುದು ಭಾರದ ಮಧ್ಯದವರೆಗೆ. ತೂಕದಿಂದಲೇ ಲೋಲಕ ನಿಧಾನವಾಯಿತೆಂದು ಅವನು ತೀರ್ಮಾನಿಸಿದರೆ ಗದರಿಸಬೇಕಾಗಿಲ್ಲ. ಮತ್ತೇನು ಬದಲಾಯಿತು ಎಂದು ಕೇಳಿದರಾಯಿತು.

ಹದಿನೈದು ವರ್ಷದವನು ಐದಾರು ಉದ್ದಗಳಿಗೆ ಕಾಲವನ್ನು ಅಳೆದು ನಕ್ಷೆ ಬರೆಯಲಿ. ಉದ್ದಕ್ಕೆ ಎದುರಾಗಿ ಕಾಲವನ್ನು ಗುರುತಿಸಿದರೆ ಬಾಗಿದ ರೇಖೆ. ಕಾಲದ ವರ್ಗವನ್ನು ಗುರುತಿಸಿದರೆ ಸರಳರೇಖೆ. ಆ ರೇಖೆಯ ಓರೆಯಿಂದ ಗುರುತ್ವದ ವೇಗೋತ್ಕರ್ಷವನ್ನು ಲೆಕ್ಕಹಾಕಬಹುದು. ಎಚ್ಚರದಿಂದ ಅಳೆದವನಿಗೆ ಸೆಕೆಂಡಿಗೆ ಸೆಕೆಂಡಿಗೆ ೯.೮ ಮೀಟರಿಗೆ ಸಮೀಪವಾದ ಬೆಲೆ ದೊರೆಯುವುದು. ಒಂದೇ ತೂಗಾಟವನ್ನು ಅಳೆಯದೆ ಹತ್ತನ್ನು ಏಕೆ ಅಳೆದೆವು ಎಂಬುದಕ್ಕೂ ಅವನು ಉತ್ತರ ಕೊಡಬೇಕು. ಗಡಿಯಾರ ಒತ್ತುವುದರಲ್ಲಿ ಕೈ ೦.೨ ಸೆಕೆಂಡು ತಪ್ಪಿತೆನ್ನೋಣ. ೨ ಸೆಕೆಂಡಿನಲ್ಲಿ ಅದು ನೂರಕ್ಕೆ ಹತ್ತರ ದೋಷ. ೨೦ ಸೆಕೆಂಡಿನಲ್ಲಿ ನೂರಕ್ಕೆ ಒಂದು ಮಾತ್ರ.

ಇನ್ನೂ ಒಂದು ಹೆಜ್ಜೆಯುಂಟು. ಎಳೆದು ಬಿಡುವ ದೂರದಿಂದ ಕಾಲ ಬದಲಾಗುವುದಿಲ್ಲವೆಂದು ತಮ್ಮ ಕಂಡುಹಿಡಿದನಷ್ಟೆ? ಅಣ್ಣ ಭಾರವಾದ ಗುಂಡನ್ನು ಕಟ್ಟಿ, ಲೋಲಕವನ್ನು ೬೦ ಡಿಗ್ರಿಯಷ್ಟು ಎಳೆದು ಬಿಟ್ಟು ನೋಡಲಿ. ಆಗ ತೂಗಾಟದ ಕಾಲ ನೂರಕ್ಕೆ ಸುಮಾರು ಏಳರಷ್ಟು ಹೆಚ್ಚಿರುತ್ತದೆ. ಹಾಗಾದರೆ ತಮ್ಮನ ನಿಯಮ ಸುಳ್ಳೆ? ಅಲ್ಲ. ಸಣ್ಣ ತೂಗಾಟಗಳಿಗೆ, ಅವನ ಗಡಿಯಾರದ ಸೂಕ್ಷ್ಮತೆಯ ಮಿತಿಯಲ್ಲಿ, ಅದು ಸರಿ. ವಿಜ್ಞಾನದ ನಿಯಮಕ್ಕೆ ಎಲ್ಲೆಯಿರುತ್ತದೆ, ಆ ಎಲ್ಲೆಯನ್ನೂ ಅಳೆದೇ ತಿಳಿಯಬೇಕು ಎಂಬುದು ಇಬ್ಬರಿಗೂ ಒಮ್ಮೆಲೇ ಮನದಟ್ಟಾಗುತ್ತದೆ. ಮೂರು ಪ್ರತ್ಯೇಕ ಪುಸ್ತಕಗಳನ್ನು ಮೂರು ಮೂಲೆಗಳಲ್ಲಿ ಓದುತ್ತಾ ಕುಳಿತಿದ್ದರೆ ಈ ಲಾಭ ದೊರೆಯುತ್ತಿರಲಿಲ್ಲ.

ವಯಸ್ಸಿನ ಮಾತು

ಲೋಲಕದ ಉದಾಹರಣೆಯನ್ನು ಆರಿಸಿದ್ದಕ್ಕೆ ಕಾರಣವುಂಟು. ಜಿನೀವಾದ ಮನೋವಿಜ್ಞಾನಿಗಳಾದ ಜೀನ್ ಪಿಯಾಜೆ ಮತ್ತು ಬಾರ್ಬೆಲ್ ಇನೆಲ್ಡರ್ ಇದೇ ಸಮಸ್ಯೆಯನ್ನು ಬೇರೆ ಬೇರೆ ವಯಸ್ಸಿನ ಮಕ್ಕಳ ಮುಂದಿಟ್ಟು, ತಾವು ಕಂಡುದನ್ನು ೧೯೫೫ರಲ್ಲಿ ಪ್ರಕಟಿಸಿದರು. ಚಿಕ್ಕ ಮಕ್ಕಳು ತಾವು ನೂಕುವ ಬಲವೇ ವೇಗಕ್ಕೆ ಕಾರಣವೆಂದು ಭಾವಿಸುತ್ತಿದ್ದರು. ಸ್ವಲ್ಪ ದೊಡ್ಡವರು ಉದ್ದವನ್ನೂ ತೂಕವನ್ನೂ ಒಟ್ಟಿಗೆ ಬದಲಿಸಿ ಗೊಂದಲಕ್ಕೆ ಬೀಳುತ್ತಿದ್ದರು. ಉಳಿದುವನ್ನು ಸ್ಥಿರವಾಗಿಟ್ಟು ಒಂದನ್ನೇ ಬದಲಿಸುವ ಕ್ರಮ ಹರೆಯದವರಲ್ಲಿ ಕಾಣಿಸಿಕೊಂಡಿತು. ಪಿಯಾಜೆಯವರ ವಯೋಮಿತಿಗಳು ಕಲ್ಲಿನ ಗೋಡೆಗಳಲ್ಲ. ಪರಿಚಿತ ಸಾಮಗ್ರಿಯನ್ನು ಕೊಟ್ಟು ಸ್ವಲ್ಪ ನೆರವಾದರೆ ಚಿಕ್ಕ ಮಕ್ಕಳೂ ಹೆಚ್ಚನ್ನು ಸಾಧಿಸಬಲ್ಲರೆಂದು ಅನಂತರದ ಸಂಶೋಧಕರು ತೋರಿಸಿದ್ದಾರೆ. ಆದರೂ ಸಾಮಾನ್ಯವಾದ ಕ್ರಮ ಇದೇ: ಮೊದಲು ನೋಟ, ಆಮೇಲೆ ಅಳತೆ, ಕೊನೆಗೆ ನಿಯಮ ಮತ್ತು ಅದರ ಎಲ್ಲೆ.

ಅಮೆರಿಕದ ಜೆರೋಮ್ ಬ್ರೂನರ್ ೧೯೬೦ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕೆ ಸುರುಳಿ ಪಠ್ಯಕ್ರಮವೆಂಬ ರೂಪ ಕೊಟ್ಟರು. ಒಂದೇ ಮೂಲಭಾವನೆಗೆ ವರ್ಷಗಳು ಕಳೆದಂತೆ ಮತ್ತೆ ಮತ್ತೆ ಹಿಂತಿರುಗಬೇಕು, ಪ್ರತಿಸಲವೂ ಒಂದು ಸುತ್ತು ಮೇಲೇರಿರಬೇಕು ಎಂಬುದು ಅದರ ಸಾರ. ನಮ್ಮ ಕರ್ನಾಟಕದಲ್ಲಿಯೇ ಒಂದು ಕೊಠಡಿಯಲ್ಲಿ ಹಲವು ವಯಸ್ಸಿನವರನ್ನು ಕೂಡಿಸಿ ಕಲಿಸುವ ಪ್ರಯತ್ನ ನಡೆದಿದೆ. ಋಷಿ ವ್ಯಾಲಿಯ ಪ್ರಯೋಗಗಳಿಂದ ಸ್ಫೂರ್ತಿ ಪಡೆದು, ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಆರಂಭವಾದ ‘ನಲಿ-ಕಲಿ’ ಅಂಥದು. ವಯಸ್ಸಿನ ಭೇದವನ್ನು ಅಲ್ಲಿ ಅಡ್ಡಿಯೆಂದು ಎಣಿಸದೆ, ಪ್ರತಿಯೊಂದು ಮಗುವೂ ಕಲಿಕೆಯ ಏಣಿಯಲ್ಲಿ ತನ್ನ ಮೆಟ್ಟಿಲಿನಲ್ಲಿರುವಂತೆ ವ್ಯವಸ್ಥೆ ಮಾಡಲಾಯಿತು.

ಮೂರು ಬಗೆಯ ಪಠ್ಯಕ್ರಮಗಳು

ಮನೆಯ ಪಾಠಕ್ಕೆ ದೊರೆಯುವ ವಿಜ್ಞಾನ ಪಠ್ಯಕ್ರಮಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ತರಗತಿಗೊಂದು ಪುಸ್ತಕ. ಇದರಲ್ಲಿ ಏನೂ ಬಿಟ್ಟುಹೋಗುವುದಿಲ್ಲ, ಪರೀಕ್ಷೆಗೂ ಅನುಕೂಲ. ಆದರೆ ಮೂವರು ಮಕ್ಕಳಿಗೆ ಮೂರು ಬೇರೆ ಪಾಠಗಳಾಗುತ್ತವೆ. ಎರಡನೆಯದು ಆವರ್ತ ಕ್ರಮ. ಅಮೆರಿಕದ ಅನೇಕ ಕುಟುಂಬಗಳಲ್ಲಿ ಒಂದು ವರ್ಷ ಜೀವವಿಜ್ಞಾನ, ಮುಂದಿನ ವರ್ಷ ಭೂಮಿ ಮತ್ತು ಆಕಾಶ, ಆಮೇಲೆ ರಸಾಯನ, ಬಳಿಕ ಭೌತವಿಜ್ಞಾನ ಎಂದು ನಾಲ್ಕು ವರ್ಷಗಳ ಒಂದು ಸುತ್ತನ್ನು ಇಟ್ಟುಕೊಳ್ಳುತ್ತಾರೆ. ಹನ್ನೆರಡು ವರ್ಷಗಳಲ್ಲಿ ಮೂರು ಸುತ್ತುಗಳಾಗುವುವು. ಮನೆಯವರೆಲ್ಲರೂ ಒಂದೇ ವರ್ಷ ಒಂದೇ ಶಾಖೆಯಲ್ಲಿರುವುದು ಇದರ ಗುಣ. ಒಮ್ಮೆ ಬಿಟ್ಟ ಶಾಖೆಯ ಕಡೆಗೆ ಮೂರು ವರ್ಷ ತಿರುಗಿ ನೋಡದಿರುವುದು ಇದರ ದೋಷ. ಮೂರನೆಯದು ವಸ್ತುಕೇಂದ್ರಿತ ಕ್ರಮ. ನೀರು, ಬೆಳಕು, ಬೀಜ, ಮಣ್ಣು ಎಂದು ಒಂದೊಂದು ವಸ್ತುವನ್ನು ಕೆಲವು ವಾರಗಳ ಕಾಲ ಹಿಡಿದು, ಎಲ್ಲ ಶಾಖೆಗಳ ಕಡೆಯಿಂದಲೂ ನೋಡುವುದು. ಮಕ್ಕಳಿಗೆ ಇದು ಹಿತ. ಆದರೆ ಏನೇನು ಬಿಟ್ಟುಹೋಯಿತೆಂಬುದರ ಲೆಕ್ಕವನ್ನು ಕಲಿಸುವವರೇ ಇಡಬೇಕಾಗುತ್ತದೆ.

ಹದಿಮೂರು ವರ್ಷದವರೆಗೆ ಎರಡನೆಯ ಅಥವಾ ಮೂರನೆಯ ಕ್ರಮವನ್ನು ಅನುಸರಿಸಿ, ಆಮೇಲೆ ಹಿರಿಯ ಮಗುವಿಗೆ ಮಾತ್ರ ಮೊದಲನೆಯ ಕ್ರಮವನ್ನು ಜೊತೆಗೂಡಿಸುವುದು ಬಹುಮಟ್ಟಿಗೆ ಸರಿಹೋಗುತ್ತದೆ. ಇದಕ್ಕೆ ಕಾರಣ ಗಣಿತ. ಗಿಡ, ಹಕ್ಕಿ, ಮಳೆ, ನಕ್ಷತ್ರಗಳನ್ನು ನೋಡುವುದಕ್ಕೆ ಬೀಜಗಣಿತ ಬೇಡ. ಬಲ, ವೇಗೋತ್ಕರ್ಷಗಳ ಲೆಕ್ಕಕ್ಕೂ ರಾಸಾಯನಿಕ ಸಮೀಕರಣಗಳ ಪ್ರಮಾಣಕ್ಕೂ ಅನುಪಾತ ಮತ್ತು ಬೀಜಗಣಿತಗಳು ಬೇಕೇ ಬೇಕು. ಅಲ್ಲಿಂದ ಮುಂದೆ ಅಣ್ಣನ ದಾರಿ ಸ್ವಲ್ಪಮಟ್ಟಿಗೆ ಬೇರೆಯಾಗುವುದು ಸಹಜ. ವಾರಕ್ಕೊಂದು ದಿನದ ಪ್ರಯೋಗಕ್ಕೆ ಮಾತ್ರ ಎಲ್ಲರೂ ಕೂಡಬಹುದು.

ಪುಸ್ತಕವನ್ನು ಪರೀಕ್ಷಿಸುವ ಬಗೆ

ಪುಸ್ತಕ ಕೊಳ್ಳುವ ಮುನ್ನ ಹೊದಿಕೆಯ ಮೇಲಿನ ವಯಸ್ಸನ್ನು ನೋಡುವುದಕ್ಕಿಂತ ಒಳಗಿನ ಒಂದು ಪಾಠವನ್ನು ಓದುವುದು ಲೇಸು. ಉತ್ತರವನ್ನು ಮೊದಲೇ ಹೇಳಿ, ಅದನ್ನು ಒಪ್ಪಿಸುವುದಕ್ಕಾಗಿ ಪ್ರಯೋಗವನ್ನು ಇಟ್ಟಿದ್ದಾರೆಯೆ? ಮಗು ಊಹಿಸುವುದಕ್ಕೆ ಅವಕಾಶವಿದೆಯೆ? ಬೇಕಾದ ಸಾಮಗ್ರಿ ಅಡಿಗೆಮನೆಯಲ್ಲೋ ಸಂತೆಯಲ್ಲೋ ದೊರೆಯುವುದೆ? ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ ೧೯೭೨ರಲ್ಲಿ ಹದಿನಾರು ಹಳ್ಳಿಶಾಲೆಗಳಲ್ಲಿ ಆರಂಭವಾಗಿ ೨೦೦೨ರವರೆಗೆ ನಡೆದ ವಿಜ್ಞಾನ ಶಿಕ್ಷಣ ಕಾರ್ಯಕ್ರಮದಲ್ಲಿ, ಅಗ್ಗದ ಸಾಮಗ್ರಿಯಿಂದ ಮಕ್ಕಳೇ ಪ್ರಯೋಗ ಮಾಡಿ ಕಲಿಯುವುದು ಸಾಧ್ಯವೆಂದು ಕಂಡುಬಂದಿತು. ಬೆಲೆಬಾಳುವ ಪೆಟ್ಟಿಗೆ ಇಲ್ಲವೆಂದು ವಿಜ್ಞಾನ ನಿಲ್ಲಬೇಕಾಗಿಲ್ಲ.

ಪುಸ್ತಕ ನಿಜವನ್ನು ಹೇಳುತ್ತದೆಯೆ ಎಂದು ನೋಡುವುದಕ್ಕೆ ಒಂದು ಒರೆಗಲ್ಲುಂಟು. ತಟ್ಟೆಯ ನೀರಿನಲ್ಲಿ ಉರಿಯುವ ಮೇಣದ ಬತ್ತಿಯನ್ನು ನಿಲ್ಲಿಸಿ ಗಾಜಿನ ಲೋಟವನ್ನು ಕವುಚುವ ಪ್ರಯೋಗ ಬಹುತೇಕ ಪುಸ್ತಕಗಳಲ್ಲಿ ಬರುತ್ತದೆ. ಬತ್ತಿ ಆರುವುದು, ನೀರು ಲೋಟದೊಳಕ್ಕೆ ಏರುವುದು. ಗಾಳಿಯ ಐದನೆಯ ಒಂದು ಭಾಗವಾದ ಆಮ್ಲಜನಕವೆಲ್ಲ ಉರಿದುಹೋದುದರಿಂದ ಆ ಜಾಗಕ್ಕೆ ನೀರು ಏರಿತೆಂದು ಬರೆದಿದ್ದರೆ, ಬರೆದವರು ಪ್ರಯೋಗವನ್ನು ಗಮನವಿಟ್ಟು ನೋಡಿಲ್ಲವೆಂದೇ ತಿಳಿಯಬೇಕು. ಬತ್ತಿ ಆರಿದಾಗಲೂ ನೂರಕ್ಕೆ ಸುಮಾರು ಹದಿನಾರರಷ್ಟು ಆಮ್ಲಜನಕ ಒಳಗೆ ಉಳಿದೇ ಇರುತ್ತದೆ. ನೀರು ಹೆಚ್ಚಾಗಿ ಏರುವುದು ಬತ್ತಿ ಆರಿದ ಮೇಲೆ. ಬಿಸಿಯಾಗಿ ಹಿಗ್ಗಿದ್ದ ಗಾಳಿ ತಣ್ಣಗಾಗಿ ಕುಗ್ಗುವುದೇ ಅದಕ್ಕೆ ಮುಖ್ಯ ಕಾರಣ. ಒಂದರ ಬದಲು ಮೂರು ಬತ್ತಿಗಳನ್ನು ಇಟ್ಟು ನೋಡಿ: ನೀರು ಇನ್ನೂ ಮೇಲಕ್ಕೆ ಏರುತ್ತದೆ. ಲೋಟದಲ್ಲಿದ್ದ ಆಮ್ಲಜನಕ ಮೂರು ಪಾಲಾಗಲಿಲ್ಲ ತಾನೆ? ಕಿರಿಯಳು ಏರುವ ನೀರನ್ನು ನೋಡಲಿ, ನಡುವಿನವನು ಯಾವಾಗ ಏರಿತೆಂಬುದನ್ನು ಗುರುತಿಸಲಿ, ಹಿರಿಯನು ಪುಸ್ತಕದ ವಿವರಣೆಯೊಡನೆ ವಾದಿಸಲಿ. ತಪ್ಪಾದ ಪುಸ್ತಕವನ್ನೂ ಹೀಗೆ ಉಪಯೋಗಕ್ಕೆ ತರಬಹುದು. ಆದರೆ ಅಂಥದನ್ನೇ ನೆಚ್ಚಿ ಕುಳಿತರೆ ಮನೆಯ ಪಾಠದಲ್ಲಿ ತಿದ್ದುವವರು ಬೇರೆ ಯಾರೂ ಇರುವುದಿಲ್ಲ.

ಪಾಠ ಹೇಳುವ ಅಣ್ಣ ಅಕ್ಕಂದಿರಿಗೆ ಎರಡು ಮಾತು. ಉತ್ತರ ಹೇಳುವ ಸರದಿ ಯಾವಾಗಲೂ ಕಿರಿಯರಿಂದ ಮೊದಲಾಗಲಿ. ಹಿರಿಯನು ಮೊದಲೇ ಉತ್ತರ ಹೇಳಿಬಿಟ್ಟರೆ ಕಿರಿಯಳ ಆಲೋಚನೆ ಅಲ್ಲಿಗೇ ನಿಲ್ಲುತ್ತದೆ. ಎರಡನೆಯದಾಗಿ, ಒಟ್ಟಿಗೆ ಕಲಿಯುವಾಗ ಚಿಕ್ಕವರ ಕೈಗೆ ಎಟಕುವುದನ್ನೆಲ್ಲ ಅವರು ಮುಟ್ಟುವರೆಂದು ತಿಳಿದಿರಬೇಕು. ಆಮ್ಲ, ಸುಟ್ಟ ಸುಣ್ಣ, ಮನೆಯ ವಿದ್ಯುತ್ತಿನ ತಂತಿ, ಇವು ಯಾವುವೂ ಸಾಮೂಹಿಕ ಪಾಠಕ್ಕೆ ತಕ್ಕುವಲ್ಲ. ಬತ್ತಿಯ ಪ್ರಯೋಗದಲ್ಲಿ ದೊಡ್ಡವರು ಹತ್ತಿರದಲ್ಲಿರಬೇಕು. ಮಸೂರ, ದೂರದರ್ಶಕಗಳ ಮೂಲಕ ಸೂರ್ಯನನ್ನು ಎಂದಿಗೂ ನೋಡಕೂಡದು.

ಕೊನೆಗೆ ಪರೀಕ್ಷೆ. ಭಾರತದಲ್ಲಿ ಶಾಲೆಗೆ ಹೋಗದೆ ಕಲಿತವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಪರೀಕ್ಷೆಗೆ ಕುಳಿತುಕೊಳ್ಳಬಹುದು. ೧೯೮೯ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಮಾಧ್ಯಮಿಕ ಪರೀಕ್ಷೆಗೆ ಸೇರಲು ಹದಿನಾಲ್ಕು ವರ್ಷ ತುಂಬಿರಬೇಕು. ಈ ವಯಸ್ಸಿಗೆ ಮೊದಲೇ ಆ ಪಠ್ಯಕ್ರಮದ ಪಟ್ಟಿಯನ್ನು ತಂದು, ಬಿಟ್ಟುಹೋಗಿರುವ ವಿಷಯಗಳನ್ನು ಗುರುತಿಸಿಕೊಳ್ಳುವುದು ಜಾಣತನ. ಪ್ಯಾರಿಸಿನ ಆ ಪ್ರಾಧ್ಯಾಪಕರ ಏರ್ಪಾಡೂ ಸುಮಾರು ಎರಡು ವರ್ಷ ಮಾತ್ರ ನಡೆಯಿತು. ಪಾಠ ಹೇಳುವವರಿಗೆ ತಮ್ಮ ಕೆಲಸವೇ ಹೊರೆಯಾಗಿತ್ತು. ಮಕ್ಕಳಿಗೆ ಸರ್ಕಾರದ ಪರೀಕ್ಷೆ ಸಮೀಪಿಸುತ್ತಿತ್ತು. ಐರೀನ್ ಮುಂದೆ ಶಾಲೆಗೇ ಸೇರಿದಳು. ೧೯೩೫ರಲ್ಲಿ ಪತಿ ಫ್ರೆಡರಿಕ್ ಜೋಲಿಯೊ ಅವರೊಡನೆ ಆಕೆಗೆ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. ಎರಡು ವರ್ಷಗಳ ಮನೆಪಾಠವೇ ಇದಕ್ಕೆ ಕಾರಣವೆಂದರೆ ಉತ್ಪ್ರೇಕ್ಷೆಯಾದೀತು. ಆದರೆ ಒಂದು ಮಾತನ್ನು ಹೇಳಬಹುದು: ಮುಂದೆ ಶಾಲೆಯ ಪುಸ್ತಕವನ್ನು ತೆರೆದಾಗ, ಆ ಮಕ್ಕಳಿಗೆ ಗಾಳಿಯ ತೂಕ ಬರಿಯ ಮಾತಾಗಿರಲಿಲ್ಲ.

ಆದಕಾರಣ ಹೊಸ ಪಠ್ಯಕ್ರಮಕ್ಕೆ ಹಣ ತೆರುವ ಮುಂಚೆ ಒಂದು ತಿಂಗಳ ಕಾಲ ದಾರ, ಕಲ್ಲು, ಲೋಟ, ಬತ್ತಿಗಳಿಂದಲೇ ಪಾಠ ನಡೆಸಿ ನೋಡಿ. ಕಿರಿಯರು ಚಿತ್ರ ಬರೆಯಲಿ, ನಡುವಿನವರು ಕೋಷ್ಟಕ ಬರೆಯಲಿ, ಹಿರಿಯರು ನಕ್ಷೆಯನ್ನೂ ದೋಷದ ಲೆಕ್ಕವನ್ನೂ ಬರೆಯಲಿ. ತಿಂಗಳ ಕೊನೆಗೆ ಆ ಮೂರು ಪುಸ್ತಿಕೆಗಳನ್ನು ಮುಂದಿಟ್ಟುಕೊಂಡರೆ, ಯಾವ ಮಗುವಿಗೆ ಯಾವ ಪುಸ್ತಕ ಬೇಕೆಂಬುದು ಬಹುಮಟ್ಟಿಗೆ ಅವುಗಳಿಂದಲೇ ತಿಳಿದುಬರುವುದು.